ಎಳೆಯ ಬೋರ್ಡೋ: ನಾಲಿಗೆಯ ಲೆಕ್ಕ, ಬೆಲೆಯ ಲೆಕ್ಕ

ನಿಮ್ಮ ಮುಂದೆ ಮೂರು ಗ್ಲಾಸುಗಳಿವೆ. ಸದ್ಯಕ್ಕೆ ಮುಟ್ಟಬೇಡಿ. ಮೂರರಲ್ಲೂ ಇರುವುದು ಕೆಂಪು ಬೋರ್ಡೋ, ಅಂದರೆ ಫ್ರಾನ್ಸಿನ ಬೋರ್ಡೋ ಸೀಮೆಯ ವೈನು, ಮೂರೂ ಎಳೆಯವು. ಮೊದಲ ಗುಟುಕಿಗೇ ಬಾಯಿ ಹಿಡಿದುಕೊಳ್ಳುತ್ತದೆ, ಇದಕ್ಕೆ ಇಷ್ಟು ದುಡ್ಡು ಯಾಕೆ ಅನ್ನಿಸುತ್ತದೆ. ನಾನು ಹೇಳಬೇಕಾದದ್ದು ಮುಖ್ಯವಾಗಿ ಒಂದೇ ಮಾತು: ಎಳೆಯ ಬೋರ್ಡೋದಲ್ಲಿ ಒಗರು ದೋಷವಲ್ಲ. ಅದು ಕಾಲ ಕಳೆದಂತೆ ಇಳಿಯುತ್ತದೆ. ಆದರೆ ಇವತ್ತು ಗ್ಲಾಸಿನಲ್ಲಿ ಇಲ್ಲದ ಹಣ್ಣಿನ ತಿರುಳು ಇಪ್ಪತ್ತು ವರ್ಷ ನೆಲಮಾಳಿಗೆಯಲ್ಲಿಟ್ಟರೂ ಹುಟ್ಟುವುದಿಲ್ಲ. ರುಚಿ ನೋಡುವುದೂ ಕೊಳ್ಳುವುದೂ ಇದರ ಮೇಲೆಯೇ ನಿಂತಿದೆ.

ಮೊದಲು ಈ ವೈನಿನ ವಯಸ್ಸು ನೋಡೋಣ. ಬೋರ್ಡೋದಲ್ಲಿ ಕೊಯ್ಲು ಸಾಮಾನ್ಯವಾಗಿ ಸೆಪ್ಟೆಂಬರ್, ಅಕ್ಟೋಬರ್. ಬಿಸಿಲು ಜೋರಾದ ವರ್ಷಗಳಲ್ಲಿ ಇನ್ನಷ್ಟು ಬೇಗ. ಹುದುಗುವುದು, ಸಿಪ್ಪೆ-ಬೀಜಗಳ ಜೊತೆ ನೆನೆಯುವುದು ಎರಡೂ ಸೇರಿ ಮೂರು-ನಾಲ್ಕು ವಾರ. ಆಮೇಲೆ ಬ್ಯಾಕ್ಟೀರಿಯಾಗಳು ಮ್ಯಾಲಿಕ್ ಆಮ್ಲವನ್ನು ಲ್ಯಾಕ್ಟಿಕ್ ಆಮ್ಲವಾಗಿ ಬದಲಿಸುತ್ತವೆ, ಹುಳಿಯ ಮೊನಚು ತಗ್ಗುತ್ತದೆ. ನಂತರ 225 ಲೀಟರಿನ ಓಕ್ ಪೀಪಾಯಿ. ಒಂದು ಪೀಪಾಯಿಗೆ 300 ಬಾಟಲಿ. ಚಳಿಗಾಲದಲ್ಲಿ ಬೇರೆ ಬೇರೆ ತಾಕುಗಳ, ತಳಿಗಳ ವೈನನ್ನು ಬೆರೆಸಿ ಮಿಶ್ರಣ ಗೊತ್ತುಮಾಡುತ್ತಾರೆ. ಏಪ್ರಿಲ್ ಹೊತ್ತಿಗೆ ಜಗತ್ತಿನ ವ್ಯಾಪಾರಿಗಳೂ ವಿಮರ್ಶಕರೂ ಬಂದು ಆ ಪೀಪಾಯಿಯ ಸ್ಯಾಂಪಲ್ ನೋಡುತ್ತಾರೆ. ಆಗ ವೈನಿಗೆ ಆರೇಳು ತಿಂಗಳು. ಬಾಟಲಿಗೆ ಹೋಗಲು ಇನ್ನೂ ವರ್ಷದ ಮೇಲೆ ಬೇಕು. ಆದರೂ ಮೇ, ಜೂನ್ ತಿಂಗಳಲ್ಲೇ ಬೆಲೆ ಹೊರಬೀಳುತ್ತದೆ, ದುಡ್ಡು ಕೈ ಬದಲಾಗುತ್ತದೆ. ಈ ಮುಂಗಡ ಮಾರಾಟಕ್ಕೇ ಆನ್ ಪ್ರಿಮರ್ ಎನ್ನುವುದು. ಏಪ್ರಿಲ್‌ನ ದೊಡ್ಡ ರುಚಿ ಪರೀಕ್ಷೆಗಳನ್ನು ನಡೆಸುವುದು 1973ರಲ್ಲಿ ಶುರುವಾದ ಯೂನಿಯನ್ ದೆ ಗ್ರಾಂ ಕ್ರೂ ದ ಬೋರ್ಡೋ ಎಂಬ ವೈನು ತಯಾರಕರ ಸಂಘ. ಅವು ವ್ಯಾಪಾರಿಗಳಿಗೆ, ಪತ್ರಕರ್ತರಿಗೆ ಮೀಸಲು. ನಮ್ಮಂಥವರ ಕೈಗೆ ಸಿಗುವುದು ಬೇರೆಯವರ ಟಿಪ್ಪಣಿ, ಇಲ್ಲವೇ ಎರಡು-ಮೂರು ವರ್ಷದ ನಂತರ ಬಾಟಲಿಯಾದ ವೈನು.

ಪೀಪಾಯಿ ಸ್ಯಾಂಪಲ್ ಅನ್ನುವುದು ಮುಗಿದ ವೈನಲ್ಲ ಎಂಬುದನ್ನು ಟಿಪ್ಪಣಿ ಓದುವವರೂ ಮರೆಯಬಾರದು. ಉಳಿದ ಸಿಪ್ಪೆಯನ್ನು ಹಿಂಡಿ ತೆಗೆದ ವೈನನ್ನು ಅಂತಿಮ ಮಿಶ್ರಣಕ್ಕೆ ಇನ್ನೂ ಸೇರಿಸಿರದೇ ಇರಬಹುದು. ಒಗರಿನ ಒಂದು ಪಾಲು ಬರುವುದೇ ಅದರಿಂದ. ಹೊಸ ಓಕ್ ಪೀಪಾಯಿಯದು ಒಂದು ರುಚಿ, ಹಳೆಯದರದು ಇನ್ನೊಂದು. ಸ್ಯಾಂಪಲ್ ಎರಡರಿಂದಲೂ ಸರಿಯಾದ ಪ್ರಮಾಣದಲ್ಲಿ ಬಂದಿದೆಯೋ ಇಲ್ಲವೋ ಹೇಳಲಾಗದು. ಎಲ್ಲಕ್ಕಿಂತ ಹೆಚ್ಚಾಗಿ, ಸ್ಯಾಂಪಲ್ ಬೇಗ ಕೆಡುತ್ತದೆ. ಸಣ್ಣ ಬಾಟಲಿಗೆ ಎಳೆದುಕೊಂಡ ವೈನಿಗೆ ಗಾಳಿ ತಗುಲಿರುತ್ತದೆ. ಒಂದು ದಿನ ಕಳೆದರೆ ಹಣ್ಣಿನ ವಾಸನೆ ಮಂಕಾಗಿ, ಕೊಯ್ದಿಟ್ಟ ಸೇಬು ಕಂದಿದಂಥ ವಾಸನೆ ಬರುತ್ತದೆ. ಅದಕ್ಕೇ ಅನುಭವಸ್ಥರು ಬಾಟಲಿ ಮೇಲಿನ ದಿನಾಂಕ ನೋಡಿ, ಹಿಂದಿನ ದಿನದ್ದಾಗಿದ್ದರೆ ಹೊಸದು ಕೇಳುತ್ತಾರೆ. ಒಂದೇ ವೈನಿಗೆ ಇಬ್ಬರು ವಿಮರ್ಶಕರು ತೀರಾ ಬೇರೆ ಅಂಕ ಕೊಟ್ಟಿದ್ದರೆ ಅರ್ಧ ಸಲ ಕಾರಣ ಇಷ್ಟೇ: ಇಬ್ಬರೂ ಬೇರೆ ಬೇರೆ ಬಾಟಲಿ ಕುಡಿದಿರುತ್ತಾರೆ. ಮೋಡ ಕವಿದು ವಾಯುಭಾರ ಕುಸಿದ ದಿನ ವೈನೆಲ್ಲ ಒರಟಾಗಿ ಕಾಣುತ್ತದೆ ಅಂತ ಬೋರ್ಡೋದ ನೆಲಮಾಳಿಗೆಗಳಲ್ಲಿ ಹೇಳುವುದುಂಟು. ನನಗೆ ಅದರಲ್ಲಿ ಅರ್ಧ ನಂಬಿಕೆ. ಸ್ಯಾಂಪಲ್ಲಿನ ವಯಸ್ಸು ಮತ್ತು ಉಷ್ಣಾಂಶ ಮಾತ್ರ ಖಂಡಿತ ವ್ಯತ್ಯಾಸ ಮಾಡುತ್ತವೆ.

ಉಷ್ಣಾಂಶವನ್ನು ಈಗಲೇ ನೋಡಿಬಿಡೋಣ. ಒಂದನೆಯ ಮತ್ತು ಎರಡನೆಯ ಗ್ಲಾಸಿನಲ್ಲಿರುವುದು ಒಂದೇ ಬಾಟಲಿಯ ವೈನು. ಒಂದನೆಯದು 12 ಡಿಗ್ರಿ, ಎರಡನೆಯದು 17. ಎರಡನ್ನೂ ಒಂದೊಂದು ಗುಟುಕು ನೋಡಿ, ಉಗುಳಿ. ಮೊದಲನೆಯದರಲ್ಲಿ ವಾಸನೆಯೇ ಇಲ್ಲ, ಬರೀ ಒಗರು, ಜೊತೆಗೆ ಸ್ವಲ್ಪ ಕಹಿ. ಎರಡನೆಯದರಲ್ಲಿ ಅದೇ ಒಗರು ಇದೆ, ಆದರೆ ಅದರ ಮೇಲೆ ಕಪ್ಪು ಹಣ್ಣಿನ ರುಚಿ ಹರಡಿಕೊಂಡಿದೆ. ತಣ್ಣಗಾದಷ್ಟೂ ಟ್ಯಾನಿನ್, ಅಂದರೆ ಒಗರು ಕೊಡುವ ಅಂಶ, ಗಡಸಾಗಿ ಕಾಣುತ್ತದೆ. 22 ದಾಟಿದರೆ ಆಲ್ಕೋಹಾಲ್ ಮೂಗಿಗೆ ಹೊಡೆಯುತ್ತದೆ. 16ರಿಂದ 18 ಸರಿ. ಕೆಂಪು ವೈನನ್ನು ಕೋಣೆಯ ಉಷ್ಣಾಂಶದಲ್ಲಿ ಕೊಡಬೇಕು ಎನ್ನುತ್ತಾರಲ್ಲ, ಆ ಮಾತು ಹುಟ್ಟಿದ್ದು ಚಳಿದೇಶದ ಹಳೆಯ ಮನೆಗಳಲ್ಲಿ. ಬೆಂಗಳೂರಿನ ಏಪ್ರಿಲ್‌ಗೆ ಅದು ಹೊಂದುವುದಿಲ್ಲ. ಇಲ್ಲಿ ತೆರೆಯುವ ಮುಂಚೆ ಬಾಟಲಿಯನ್ನು ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಫ್ರಿಜ್ಜಿನಲ್ಲಿಡಿ.

ಬಣ್ಣದ ಮೇಲೆ ಹೆಚ್ಚು ಹೊತ್ತು ಕಳೆಯಬೇಡಿ. ಎಳೆಯ ಬೋರ್ಡೋ ಹೇಗೂ ನೇರಳೆ ಮಿಶ್ರಿತ ಗಾಢ ಕೆಂಪು. ಗಾಢವಾಗಿದೆ ಅಂದ ಮಾತ್ರಕ್ಕೆ ಒಳ್ಳೆಯದಲ್ಲ. ಅಂಚಿನಲ್ಲಿ ಆಗಲೇ ಇಟ್ಟಿಗೆ ಬಣ್ಣ ಬಂದಿದ್ದರೆ ಮಾತ್ರ ಅನುಮಾನಿಸಿ.

ಮೂಗಿನ ಕೆಲಸ ದೋಷ ಹಿಡಿಯುವುದು. ಗ್ಲಾಸಿಗೆ 50 ಮಿಲಿಲೀಟರಿಗಿಂತ ಹೆಚ್ಚು ಬೇಡ, ತಿರುಗಿಸಲು ಜಾಗ ಇರಲಿ. ತಿರುಗಿಸದೆ ಒಮ್ಮೆ ಮೂಸಿ, ತಿರುಗಿಸಿ ಇನ್ನೊಮ್ಮೆ. ಕಡ್ಡಿ ಗೀರಿದಂಥ ಗಂಧಕದ ವಾಸನೆ ತಿರುಗಿಸಿದ ಮೇಲೆ ಹೋಗಿಬಿಟ್ಟರೆ ತಲೆ ಕೆಡಿಸಿಕೊಳ್ಳಬೇಡಿ. ಪೀಪಾಯಿಯಲ್ಲಿ ಗಾಳಿಯಾಡದೆ ಕೂತ ವೈನಿಗೆ ಅದು ಬರುತ್ತದೆ, ಒಂದು ಪೀಪಾಯಿಯಿಂದ ಇನ್ನೊಂದಕ್ಕೆ ಸೋಸಿ ಸುರಿದಾಗ ಹೋಗುತ್ತದೆ. ಉಗುರುಬಣ್ಣದ ವಾಸನೆ ಬಂದರೆ ವಿನೆಗರಿನ ಕಡೆ ಹೊರಟಿದೆ ಎಂದರ್ಥ. ಬ್ಯಾಂಡೇಜು ಪಟ್ಟಿ, ಕುದುರೆ ಲಾಯದ ವಾಸನೆ ಬ್ರೆಟ್ ಎಂಬ ಯೀಸ್ಟಿನದು. ಇವೆರಡೂ ವಯಸ್ಸಿನಿಂದ ವಾಸಿಯಾಗುವುದಿಲ್ಲ. ಹಸಿ ದೊಣ್ಣೆಮೆಣಸಿನಕಾಯಿಯ ವಾಸನೆ ಕ್ಯಾಬರ್ನೆ ತಳಿಯ ದ್ರಾಕ್ಷಿ ಸರಿಯಾಗಿ ಮಾಗದ ಗುರುತು. ಅದನ್ನು ಕೊಡುವ ಪೈರಜಿನ್‌ಗಳು ಹಣ್ಣು ಮಾಗುತ್ತ, ಗೊಂಚಲಿಗೆ ಬಿಸಿಲು ಬೀಳುತ್ತ ಕಡಿಮೆಯಾಗುತ್ತವೆ. ಬಾಟಲಿಯೊಳಗೆ ಹೋದ ಮೇಲೆ ಹೆಚ್ಚೇನೂ ಇಳಿಯುವುದಿಲ್ಲ. ಒಂದಿಷ್ಟು ಇದ್ದರೆ ಕೆಲವರಿಗೆ ಇಷ್ಟ, ನನಗೂ ಇಷ್ಟ. ಅದೇ ಮುಂದಾಗಿ ಹಣ್ಣು ಹಿಂದಾದರೆ ಬೇಡ. ಇನ್ನು ವೆನಿಲ್ಲಾ, ಕಾಫಿ, ಸುಟ್ಟ ಬ್ರೆಡ್ಡು. ಇವು ಹೊಸ ಓಕ್‌ನವು. ವೈನಿನಲ್ಲಿ ಸತ್ವವಿದ್ದರೆ ಐದಾರು ವರ್ಷದಲ್ಲಿ ಓಕ್ ಬೆರೆತುಹೋಗುತ್ತದೆ. ಸತ್ವ ಕಡಿಮೆಯಿದ್ದರೆ ಹಣ್ಣು ಮೊದಲು ಹೋಗಿ ಮರ ಉಳಿಯುತ್ತದೆ.

ಈಗ ಬಾಯಿ. ಹತ್ತು ಮಿಲಿಲೀಟರ್, ಅಂದರೆ ಎರಡು ಟೀ ಚಮಚದಷ್ಟು, ಬಾಯಿಗೆ ತೆಗೆದುಕೊಂಡು ಹತ್ತು ಸೆಕೆಂಡು ಆಡಿಸಿ, ಉಗುಳಿ. ಮೂರು ಘಟ್ಟ ಗಮನಿಸಿ. ಮೊದಲ ಘಟ್ಟ ಎಲ್ಲ ವೈನಿನಲ್ಲೂ ಚೆನ್ನಾಗಿಯೇ ಇರುತ್ತದೆ, ನಂಬಬೇಡಿ. ಎರಡನೆಯದು, ಮೂರನೇ ಸೆಕೆಂಡಿನಿಂದ ಎಂಟನೆಯದರವರೆಗೆ, ನಾಲಿಗೆಯ ನಡುವೆ ಏನಿದೆ? ಹಣ್ಣಿನ ತೂಕ ನಿಂತಿದೆಯೋ, ಅಥವಾ ಸಿಹಿಯಾಗಿ ಶುರುವಾಗಿ ಖಾಲಿ ಜಾಗ ಬಂದು ನೇರ ಒಗರಿಗೆ ಹಾರಿತೋ? ಹಾಗೆ ಹಾರಿದರೆ ಅದು ಪೊಳ್ಳು. ಮೂರನೆಯದು, ಉಗುಳಿದ ಮೇಲೆ ಉಳಿಯುವುದು. ಮನಸ್ಸಿನಲ್ಲೇ ಎಣಿಸಿ. ಹಣ್ಣು ಎಷ್ಟು ಹೊತ್ತು ನಿಂತಿತು, ಒಗರು ಎಷ್ಟು ಹೊತ್ತು? ಒಗರಿನ ಜೊತೆಗೆ ಹಣ್ಣೂ ಕೊನೆಯವರೆಗೆ ಬಂದರೆ ಇಡುವ ವೈನು. ಹಣ್ಣು ಐದಕ್ಕೇ ನಿಂತು, ಒಗರು ಒಂದೇ ಇಪ್ಪತ್ತರವರೆಗೆ ಎಳೆದರೆ ಒಣಗುವ ವೈನು.

ಒಗರಿನಲ್ಲೇ ಜಾತಿಗಳಿವೆ. ಉಗುಳಿದ ಮೇಲೆ ನಾಲಿಗೆಯನ್ನು ಮೇಲಿನ ವಸಡಿನ ಮೇಲೆ, ತುಟಿಯ ಒಳಬದಿಯಲ್ಲಿ ಸವರಿ ನೋಡಿ. ಮಲೆನಾಡಿನವರಿಗೆ ಬೇಗ ಹೊಳೆಯುತ್ತದೆ: ಎಳೆ ಅಡಿಕೆ ಜಗಿದಾಗ ವಸಡೆಲ್ಲ ಸಮನಾಗಿ ಹಿಡಿದುಕೊಳ್ಳುತ್ತದಲ್ಲ, ಹಾಗೆ ಒಂದೇ ಸಮ ಹರಡಿ, ಆಮೇಲೆ ಜೊಲ್ಲು ಬಂದು ಬಿಡಿಸಿಕೊಂಡರೆ ಅದು ಮಾಗಿದ ಸಿಪ್ಪೆಯ ಟ್ಯಾನಿನ್. ಗಂಟಲ ಹತ್ತಿರ ಕಹಿಯಾಗಿ ಕೂತರೆ ಬೀಜದ್ದು. ಮಾಗದ ಬೀಜ, ಇಲ್ಲವೇ ಅತಿಯಾಗಿ ಹಿಂಡಿದ್ದು. ತುಟಿಯ ಒಳಗೆ ಮರದ ಪುಡಿ ಹಚ್ಚಿದಂತೆ ಒಣಗಿಸಿ ಜೊಲ್ಲೇ ಬರದಿದ್ದರೆ ಓಕ್‌ದು. ಮೊದಲನೆಯದು ಎಷ್ಟಿದ್ದರೂ ಹೆದರಬೇಡಿ. ಟ್ಯಾನಿನ್ ಕಣಗಳು ವರ್ಷಗಳಲ್ಲಿ ಒಂದಕ್ಕೊಂದು ಮತ್ತು ಬಣ್ಣದ ಕಣಗಳಿಗೆ ಕೂಡಿಕೊಳ್ಳುತ್ತವೆ, ಒಂದು ಪಾಲು ಗಷ್ಟಾಗಿ ಬಾಟಲಿಯ ತಳ ಸೇರುತ್ತದೆ. ಬಾಯಿಗೆ ಮೆತ್ತಗಾಗುವುದು ಹೀಗೆ.

ಈಗ ಮೂರನೇ ಗ್ಲಾಸು. ನೋಡಿ, ಕೈ ಎತ್ತಿ: ಮೂರರಲ್ಲಿ ಇವತ್ತು ಕುಡಿಯಲು ಯಾವುದು ಇಷ್ಟ? ಹೆಚ್ಚಿನ ಕೈಗಳು ಮೂರನೆಯದಕ್ಕೆ. ಸರಿಯಾಗಿಯೇ ಇದೆ. ಅದು ಮಳೆ ಹೆಚ್ಚಾದ ವರ್ಷದ ವೈನು. ಆಲ್ಕೋಹಾಲ್ ಶೇ. 12.5, ಒಗರು ಕಡಿಮೆ, ಮೇಲ್ಮೈಯಲ್ಲಿ ಚೆಂದ. ಈಗ ನಾನು ಹೇಳಿದ ಎರಡನೇ ಘಟ್ಟ ಮಾತ್ರ ಮತ್ತೆ ನೋಡಿ. ನಡುವೆ ಏನೂ ಇಲ್ಲ. ಇದನ್ನು ಇನ್ನು ನಾಲ್ಕೈದು ವರ್ಷದಲ್ಲಿ ಖುಷಿಯಾಗಿ ಕುಡಿಯಬೇಕು. ಇಟ್ಟು ಕಾಯುವ ವೈನಲ್ಲ. ಒಂದು, ಎರಡನೇ ಗ್ಲಾಸಿನದು ಇವತ್ತಿಗೆ ಒರಟು, ಹತ್ತು ವರ್ಷಕ್ಕೆ ಬೇರೆಯೇ.

ಎರಡು ಸಣ್ಣ ಎಚ್ಚರಿಕೆ. ಒಗರು ನಾಲಿಗೆಯ ಮೇಲೆ ಪೇರುತ್ತ ಹೋಗುತ್ತದೆ, ಎಂಟನೇ ವೈನು ಇರುವುದಕ್ಕಿಂತ ಗಡಸಾಗಿ ಕಾಣುತ್ತದೆ. ನಡುವೆ ಒಂದೆರಡು ನಿಮಿಷ ಬಿಡಿ, ನೀರು ಕುಡಿಯಿರಿ, ಬರೀ ಬ್ರೆಡ್ ಜಗಿಯಿರಿ. ಚೀಸ್ ಬೇಡ. ಅದರ ಕೊಬ್ಬು, ಪ್ರೋಟೀನು ಒಗರನ್ನು ಮುಚ್ಚಿ ಸಾಧಾರಣ ವೈನನ್ನೂ ಒಳ್ಳೆಯದು ಮಾಡಿ ತೋರಿಸುತ್ತದೆ. ಕೊಳ್ಳಲು ಬಂದವರಿಗೆ ಚೀಸ್ ತಟ್ಟೆ ಮುಂದಿಡುವ ಅಂಗಡಿಯವನು ದಡ್ಡನಲ್ಲ. ಇನ್ನೊಂದು, ಹಲ್ಲು ನೇರಳೆಯಾಯಿತು ಅಂತ ಮನೆಗೆ ಹೋದ ಕೂಡಲೇ ಉಜ್ಜಬೇಡಿ. ಹುಳಿಗೆ ಹಲ್ಲಿನ ಮೇಲ್ಪದರ ಮೆತ್ತಗಾಗಿರುತ್ತದೆ. ಬಾಯಿ ಮುಕ್ಕಳಿಸಿ, ಒಂದು ಗಂಟೆ ಬಿಟ್ಟು ಉಜ್ಜಿ.

ಇನ್ನು ವರ್ಷದ ಮಾತು. ಕೆಂಪು ಬೋರ್ಡೋಗೆ ಒಳ್ಳೆಯ ವರ್ಷ ಅಂದರೆ ಏನು ಎಂದು ಬೋರ್ಡೋ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಡೆನಿ ದುಬೂರ್ದ್ಯೂ ಐದು ಷರತ್ತು ಹಾಕಿದ್ದರು: ಹೂ ಬೇಗ ಬರಬೇಕು, ಒಣ ಹವೆಯಲ್ಲಿ ಕಾಯಿ ಕಚ್ಚಬೇಕು, ಜುಲೈನಲ್ಲಿ ನೀರಿನ ಕೊರತೆ ನಿಧಾನವಾಗಿ ಬಂದು ಕಾಯಿ ಬಣ್ಣ ತಿರುಗುವ ಮುಂಚೆ ಬಳ್ಳಿಯ ಬೆಳವಣಿಗೆ ನಿಲ್ಲಬೇಕು, ಆಗಸ್ಟ್, ಸೆಪ್ಟೆಂಬರಿನಲ್ಲಿ ಪೂರ್ತಿ ಮಾಗಬೇಕು, ಕೊಯ್ಲಿನಲ್ಲಿ ಮಳೆ ಇರಬಾರದು. ಯಾವುದೇ ಹೊಸ ವಿಂಟೇಜಿನ, ಅಂದರೆ ಕೊಯ್ಲಿನ ವರ್ಷದ, ಹೊಗಳಿಕೆ ಓದುವಾಗ ಈ ಐದರಲ್ಲಿ ಎಷ್ಟು ಆಗಿದೆ ಎಂದು ಎಣಿಸಿ. ಮಾರುವವರು ಎಲ್ಲ ವರ್ಷವನ್ನೂ ಹೊಗಳುತ್ತಾರೆ. ಹವೆ ಮಾತ್ರ ಯಾರ ಪರವಾಗಿಯೂ ಮಾತಾಡುವುದಿಲ್ಲ.

ಆದರೆ ಬೋರ್ಡೋಗೆ ಒಂದೇ ಹವೆಯಾದರೂ ಎರಡು ದಡ. ಗರೋನ್ ಮತ್ತು ದೊರ್ದೋನ್ ನದಿಗಳು ಸೇರಿ ಜಿರೋಂದ್ ಆಗುತ್ತದೆ. ಎಡದಂಡೆಯ ಮೆಡಾಕ್‌ನಲ್ಲಿ, ಅಂದರೆ ಪೊಯಾಕ್, ಸಾಂ ಜೂಲಿಯಾಂ, ಮಾರ್ಗೋ, ಸಾಂಟ್ ಎಸ್ತೆಫ್‌ಗಳಲ್ಲಿ, ಜಲ್ಲಿ ನೆಲ, ಕ್ಯಾಬರ್ನೆ ಸೊವಿನ್ಯೋಂ ಮುಂದಾಳು. ಬಲದಂಡೆಯ ಪೊಮೆರೋಲ್, ಸಾಂಟ್ ಎಮಿಲಿಯೋಂಗಳಲ್ಲಿ ಜೇಡಿ ಮತ್ತು ಸುಣ್ಣಕಲ್ಲು, ಮೆರ್ಲೋ ತಳಿ ಮುಂದಾಳು. ಮೆರ್ಲೋ ಒಂದೆರಡು ವಾರ ಮೊದಲೇ ಮಾಗುತ್ತದೆ. 1998ರಲ್ಲಿ ಮಳೆಗೆ ಮುಂಚೆ ಮೆರ್ಲೋ ಕೊಯ್ದಾಗಿತ್ತು, ಕ್ಯಾಬರ್ನೆ ನೆನೆಯಿತು, ಬಲದಂಡೆ ಗೆದ್ದಿತು. 1996ರಲ್ಲಿ ತಿರುಗಾಮುರುಗಾ, ತಡವಾಗಿ ಮಾಗಿದ ಕ್ಯಾಬರ್ನೆ ಒಳ್ಳೆಯ ಬಿಸಿಲು ಕಂಡು ಎಡದಂಡೆ ಗೆದ್ದಿತು. ಮಳೆ ಹೆಚ್ಚಾದರೆ ಜಲ್ಲಿ ನೆಲ ನೀರನ್ನು ಬಸಿದುಬಿಡುತ್ತದೆ, ಬರ ಬಂದರೆ ಜೇಡಿ ಮತ್ತು ಸುಣ್ಣಕಲ್ಲು ತೇವ ಹಿಡಿದಿಡುತ್ತವೆ. ಅದಕ್ಕೇ 2022ರಂಥ ಬೆಂಕಿ ವರ್ಷದ ಟಿಪ್ಪಣಿಯನ್ನೂ 2024ರಂಥ ಮಳೆ ಮತ್ತು ಬೂಜುರೋಗದ ವರ್ಷದ ಟಿಪ್ಪಣಿಯನ್ನೂ ಒಂದೇ ಕಣ್ಣಿನಿಂದ ಓದಬಾರದು. 2022ರಲ್ಲಿ ಆಲ್ಕೋಹಾಲ್ ಸುಡುತ್ತದೆಯೇ, ಒಗರು ಒಣಗಿದೆಯೇ ಎಂದು ಹುಡುಕಿ. 2024ರಲ್ಲಿ ನಡುವೆ ತಿರುಳಿದೆಯೇ, ಮೆಣಸಿನಕಾಯಿ ವಾಸನೆ ಇದೆಯೇ ಎಂದು ಹುಡುಕಿ.

ಬಾಟಲಿಯಾದ ಎಳೆಯ ವೈನು ಕೈಗೆ ಸಿಕ್ಕರೆ, ಪೆಟ್ಟಿಗೆಗಟ್ಟಲೆ ಕೊಳ್ಳುವ ಮುಂಚೆ ಒಂದನ್ನು ಹೀಗೆ ಪರೀಕ್ಷಿಸಿ. ಚೆನ್ನಾಗಿ ತೊಳೆದು ಒಣಗಿಸಿದ 375 ಮಿಲಿಲೀಟರಿನ ಖಾಲಿ ಬಾಟಲಿ ಇಟ್ಟುಕೊಳ್ಳಿ. ವೈನು ತೆರೆದ ಕೂಡಲೇ ಅದಕ್ಕೆ ಕಂಠದ ತುದಿವರೆಗೆ ತುಂಬಿ, ಗಾಳಿ ಉಳಿಯದಂತೆ ಬಿರಡೆ ಹಾಕಿ ಫ್ರಿಜ್ಜಿನಲ್ಲಿಡಿ. ಉಳಿದ ಅರ್ಧವನ್ನು ಅಗಲ ತಳದ ಜಗ್ಗಿಗೆ ಸುರಿದು ಈಗೊಮ್ಮೆ, ಎರಡು ಗಂಟೆ ಬಿಟ್ಟು ಒಮ್ಮೆ, ಆರು ಗಂಟೆ ಬಿಟ್ಟು ಒಮ್ಮೆ ನೋಡಿ. ಒಂದು ಗುಟುಕು ಮರುದಿನಕ್ಕೂ ಉಳಿಸಿ. ಆರನೇ ಗಂಟೆಗೆ ಹಣ್ಣು ಹೆಚ್ಚಾಗಿ ಒಗರು ಇಳಿದಿದ್ದರೆ ವೈನಿಗೆ ಆಯುಸ್ಸಿದೆ. ಎರಡನೇ ಗಂಟೆಗೇ ಹಣ್ಣು ಮಾಯವಾಗಿ ಒಗರು ಮಾತ್ರ ನಿಂತರೆ ಇಲ್ಲ. ಮರುದಿನ ಫ್ರಿಜ್ಜಿನ ಅರ್ಧವನ್ನು 17 ಡಿಗ್ರಿಗೆ ತಂದು, ಜಗ್ಗಿನಲ್ಲಿ ಉಳಿದಿರುವ ಗುಟುಕಿನ ಪಕ್ಕದಲ್ಲಿಟ್ಟು ಹೋಲಿಸಿ. ಗಾಳಿ ಏನು ಮಾಡಿದೆ ಎಂಬುದು ಎದುರೇ ಕಾಣುತ್ತದೆ. ಇದು ವಯಸ್ಸಿನ ಪಕ್ಕಾ ಅಳತೆಯಲ್ಲ, ಪೊಳ್ಳು ವೈನನ್ನು ಹಿಡಿಯಲು ಮಾತ್ರ ಸಾಕು.

ಕೊಳ್ಳುವ ಮಾತಿಗೆ ಬರೋಣ. ದೊಡ್ಡ ಶಾಟೋಗಳು, ಅಂದರೆ ದ್ರಾಕ್ಷಿ ಬೆಳೆದು ವೈನು ಮಾಡುವ ಮನೆಗಳು, ನೇರವಾಗಿ ನಿಮಗೆ ಮಾರುವುದಿಲ್ಲ. ಶಾಟೋದಿಂದ ನೆಗೋಸಿಯಾಂ ಎಂಬ ಸಗಟು ವ್ಯಾಪಾರಿಗೆ, ನಡುವೆ ಶೇ. 2 ಪಡೆಯುವ ದಲ್ಲಾಳಿ, ಅಲ್ಲಿಂದ ಬೇರೆ ದೇಶದ ವ್ಯಾಪಾರಿ, ಆಮೇಲೆ ನೀವು. ಎಲ್ಲ ವೈನೂ ಒಂದೇ ಸಲ ಬರುವುದಿಲ್ಲ. ಕೆಲವು ಶಾಟೋಗಳು ಮೊದಲು ಒಂದು ಕಂತು ಬಿಟ್ಟು, ಮಾರುಕಟ್ಟೆ ನೋಡಿ ಎರಡನೆಯದನ್ನು ಹೆಚ್ಚಿನ ಬೆಲೆಗೆ ಬಿಡುತ್ತವೆ. ಹೆಸರಾದ ಶಾಟೋ ಲಾತೂರ್ 2012ರಲ್ಲಿ ಈ ಮುಂಗಡ ಪದ್ಧತಿಯಿಂದಲೇ ಹೊರಬಿತ್ತು. ಕುಡಿಯಲು ಹದವಾದ ಮೇಲೆ ಮಾತ್ರ ಮಾರುತ್ತೇವೆ ಅಂದಿತು. ಬೆಲೆಯೂ ಹಾಗೇ ಇದೆ ಅನ್ನಿ.

ಮುಂಗಡ ಕೊಡಲು ಮುಖ್ಯ ಕಾರಣ ಬೆಲೆ. ಅದೇ ಶಾಟೋದ ಹಿಂದಿನ ವರ್ಷಗಳು ಈಗಾಗಲೇ ಬಾಟಲಿಯಾಗಿ ಗೋದಾಮಿನಲ್ಲಿವೆ. ಹೊಸದರ ಬೆಲೆ ಬಂದ ದಿನ 2014, 2016, 2019, 2020ರ ಬೆಲೆಗಳನ್ನು ಪಕ್ಕಕ್ಕಿಟ್ಟು ನೋಡಿ. ಅಷ್ಟೇ ಒಳ್ಳೆಯ, ಹತ್ತು ವರ್ಷ ಹಳೆಯ ವೈನು ಅದೇ ಬೆಲೆಗೆ ಇದ್ದರೆ ಎರಡು ವರ್ಷ ಕಾದು ಎಳೆಯದನ್ನು ಯಾಕೆ ತರಿಸಬೇಕು? 2010ರ ವೈನನ್ನು ಅತಿ ಬೆಲೆಗೆ ಮುಂಗಡ ಕೊಂಡವರು, ಚೀನಾದ ಬೇಡಿಕೆ ತಗ್ಗಿದ ಮೇಲೆ, ವರ್ಷಗಟ್ಟಲೆ ನಷ್ಟದಲ್ಲೇ ಇದ್ದರು. 2022ರದ್ದೂ ಹಲವು ಕಡೆ ಅದೇ ಕಥೆ. 2019ರದ್ದು ಇದಕ್ಕೆ ವಿರುದ್ಧ. 2020ರ ಕೋವಿಡ್ ಬೇಸಿಗೆಯಲ್ಲಿ ಪೊಂತೆ-ಕಾನೆ ಶಾಟೋದ ವೈನು ಹಿಂದಿನ ವರ್ಷಕ್ಕಿಂತ ಶೇ. 30ರಷ್ಟು ಕಡಿಮೆಗೆ ಬಂತು, ಉಳಿದವರು ಅದರ ಹಿಂದೆ ಬಂದರು, ವೈನೂ ಚೆನ್ನಾಗಿತ್ತು. ಆ ವರ್ಷ ಮುಂಗಡ ಕೊಟ್ಟವರಿಗೆ ಅರ್ಥವಿತ್ತು. ಇನ್ನೊಂದು ಕಾರಣ ಅಳತೆ. ಅರ್ಧ ಬಾಟಲಿಯೋ ಒಂದೂವರೆ ಲೀಟರಿನ ಮ್ಯಾಗ್ನಮ್ಮೋ ಬೇಕೆಂದರೆ ಈಗಲೇ ಹೇಳಬೇಕು, ಆಮೇಲೆ ಹುಡುಕುವುದು ಕಷ್ಟ.

ಪಟ್ಟಿಯಲ್ಲಿ ಕಾಣುವ ಬೆಲೆ ಕೊನೆಯ ಬೆಲೆಯಲ್ಲ. ಇಂಗ್ಲೆಂಡಿನಲ್ಲಿರುವ ನಮ್ಮವರು ಇದನ್ನು ಬರೆದುಕೊಳ್ಳಿ. ಸುಂಕ ಕಟ್ಟುವವರೆಗೆ ವೈನಿಡುವ ಬಾಂಡ್ ಗೋದಾಮಿನ ಬೆಲೆ ಬಾಟಲಿಗೆ 40 ಪೌಂಡ್ ಅಂದುಕೊಳ್ಳಿ, ಹನ್ನೆರಡಕ್ಕೆ 480. ಹೊರಗೆ ತರುವಾಗ ಅಬಕಾರಿ ಸುಂಕ ಬಾಟಲಿಗೆ ಸುಮಾರು 3 ಪೌಂಡಿನಂತೆ 36. ಒಟ್ಟು 516ರ ಮೇಲೆ ಶೇ. 20 ವ್ಯಾಟ್, 619. ಗೋದಾಮಿನ ಬಾಡಿಗೆ ವರ್ಷಕ್ಕೆ 15 ಪೌಂಡಿನಂತೆ ಐದು ವರ್ಷಕ್ಕೆ 75. ಬಾಟಲಿಗೆ 58 ಆಯಿತು. ಸಾಗಣೆ ಬೇರೆ. ಭಾರತಕ್ಕೆ ತರಿಸುವವರಿಗೆ ಸೀಮಾ ಸುಂಕ, ಅದರ ಮೇಲೆ ರಾಜ್ಯದ ಅಬಕಾರಿ ಸೇರಿ ಈ ಲೆಕ್ಕ ಇನ್ನೂ ಕಹಿ. ವಿದೇಶದಿಂದ ಬರುವಾಗ ಒಬ್ಬರಿಗೆ ಸುಂಕವಿಲ್ಲದೆ ಎರಡು ಲೀಟರ್, ಅಂದರೆ ಎರಡು ಬಾಟಲಿ. ಆ ಎರಡನ್ನು ಮುಂಗಡ ಕೊಂಡ ಪೆಟ್ಟಿಗೆಯಿಂದ ತರುವುದಕ್ಕಿಂತ ಹದವಾದ ಹಳೆಯದನ್ನು ತರುವುದು ಜಾಣತನ.

ದುಡ್ಡು ಕೊಡುವ ಮುಂಚೆ ವ್ಯಾಪಾರಿಗೆ ಮೂರು ಪ್ರಶ್ನೆ. ಈ ವೈನು ನೆಗೋಸಿಯಾಂನಿಂದ ನಿಮಗೆ ಖಚಿತವಾಗಿದೆಯೇ, ಅಥವಾ ಸಿಗುತ್ತದೆ ಎಂಬ ಭರವಸೆಯ ಮೇಲೆ ಮಾರುತ್ತಿದ್ದೀರಾ? ಬಂದ ಮೇಲೆ ಗೋದಾಮಿನಲ್ಲಿ ನನ್ನ ಹೆಸರಿನಲ್ಲಿ ಇರುತ್ತದೆಯೇ, ನಿಮ್ಮ ಹೆಸರಿನಲ್ಲಿಯೇ? ತಲುಪುವುದು ಯಾವಾಗ? ಎರಡು ವರ್ಷದ ನಡುವೆ ವ್ಯಾಪಾರಿ ದಿವಾಳಿಯಾದರೆ, ಅವನ ಹೆಸರಿನಲ್ಲಿದ್ದ ನಿಮ್ಮ ಪೆಟ್ಟಿಗೆ ಅವನಿಗೆ ಸಾಲ ಕೊಟ್ಟವರ ಪಾಲು. ಮಾರುಕಟ್ಟೆಗಿಂತ ಬಹಳ ಅಗ್ಗವಾಗಿ ಮುಂಗಡ ಕೇಳುವವನ ಹತ್ತಿರ ಹೋಗಬೇಡಿ.

ಅಂಕಗಳ ವಿಷಯ ಚಿಕ್ಕದು. ಪೀಪಾಯಿ ಸ್ಯಾಂಪಲ್ಲಿಗೆ ಅನೇಕರು ನೂರಕ್ಕೆ 93–95 ಎಂಬಂತೆ ಅಂತರ ಕೊಡುತ್ತಾರೆ. ಕೆಳಗಿನ ಸಂಖ್ಯೆಯನ್ನೇ ನಂಬಿ ಬೆಲೆ ಕಟ್ಟಿ. ಸಂಖ್ಯೆಗಿಂತ ಪದ ಓದಿ: ನಡುವಿನ ತಿರುಳು, ಒಗರಿನ ಸ್ವಭಾವ, ಕೊನೆಯ ಉದ್ದ. ಈ ಮೂರರ ಬಗ್ಗೆ ಏನೂ ಹೇಳದೆ ಹಣ್ಣುಗಳ ಹೆಸರು ಮಾತ್ರ ಪಟ್ಟಿ ಮಾಡಿದ ಟಿಪ್ಪಣಿ ಕೊಳ್ಳುವವರಿಗೆ ಉಪಯೋಗಕ್ಕೆ ಬಾರದು.

ಕಡಿಮೆ ದುಡ್ಡಿನವರು, ದೊಡ್ಡ ಶಾಟೋಗಳಿಗೆ ದರ್ಜೆ ಕೊಟ್ಟ 1855ರ ಪಟ್ಟಿಯ ಹೆಸರುಗಳನ್ನು ಬಿಟ್ಟುಬಿಡಿ. ಒಳ್ಳೆಯ ವರ್ಷದಲ್ಲಿ ಬಲದಂಡೆಯ ಕಾಸ್ತಿಯೋಂ, ಫ್ರೋಂಸಾಕ್ ಕಡೆಯ ವೈನುಗಳು, ಓ-ಮೆಡಾಕ್‌ನ ಕ್ರೂ ಬೂರ್ಜ್ವಾಗಳು (ಆ ಪಟ್ಟಿಗೆ ಸೇರದ ಶಾಟೋಗಳ ದರ್ಜೆ), ದೊಡ್ಡ ಮನೆಗಳು ಮುಖ್ಯ ವೈನಿಗೆ ಬಳಸದೆ ಉಳಿದದ್ದರಿಂದ ಮಾಡುವ ಎರಡನೇ ವೈನುಗಳು, ಇವನ್ನು ನೋಡಿ. ಇವನ್ನು ಮುಂಗಡ ಕೊಳ್ಳಬೇಕಾಗಿಲ್ಲ, ಬಾಟಲಿಯಾದ ಮೇಲೂ ಸಿಗುತ್ತವೆ. ರುಚಿ ನೋಡಿಯೇ ಕೊಳ್ಳಬಹುದು.

ಪೆಟ್ಟಿಗೆ ಮನೆಗೆ ಬಂದ ದಿನ ಪ್ರತಿ ಬಾಟಲಿಯ ಮಟ್ಟ ಕಂಠದವರೆಗಿದೆಯೇ, ಬಿರಡೆ ಮೇಲೆದ್ದಿದೆಯೇ, ಮುಚ್ಚಳದ ಹಾಳೆ ಅಂಟಾಗಿದೆಯೇ ನೋಡಿ. ಎದ್ದಿದ್ದರೆ, ಅಂಟಿದ್ದರೆ ದಾರಿಯಲ್ಲಿ ಬಿಸಿ ತಗುಲಿದೆ. ಫೋಟೋ ತೆಗೆದು ಅವತ್ತೇ ದೂರು ಕೊಡಿ. ಮೂರು-ನಾಲ್ಕು ವಾರ ಮಲಗಿಸಿಡಿ, 12ರಿಂದ 14 ಡಿಗ್ರಿಯಲ್ಲಿ. ಬೆಂಗಳೂರಿನಲ್ಲಾದರೆ ವೈನ್ ಫ್ರಿಜ್ಜೇ ಬೇಕು, ಮಂಚದ ಕೆಳಗೆ ಆಗದು. ಮೆಡಾಕ್‌ನ ಒಳ್ಳೆಯ ಶಾಟೋದ ಹನ್ನೆರಡು ಬಾಟಲಿಯಾದರೆ ಒಂದನ್ನು ಆಗಲೇ ತೆರೆದು ಮೇಲಿನ ಅರ್ಧ ಬಾಟಲಿ ಪರೀಕ್ಷೆ ಮಾಡಿ. ಐದರಿಂದ ಎಂಟನೇ ವರ್ಷದ ನಡುವೆ ಬಹಳಷ್ಟು ಬೋರ್ಡೋಗಳು ಮೂಗಿಗೂ ಬಾಯಿಗೂ ಮುಚ್ಚಿಕೊಂಡುಬಿಡುತ್ತವೆ. ಆಗ ತೆರೆದು ನಿರಾಶರಾಗಬೇಡಿ. ಹತ್ತನೇ ವರ್ಷಕ್ಕೆ ಎರಡನೆಯದು, ಆಮೇಲೆ ಅದು ಹೇಳಿದ ಹಾಗೆ.